ಮೀನನ್ನು ನೀರಲ್ಲೇ ಇಟ್ಟು ಫೋಟೊ ತೆಗೆಯಿರಿ

ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಹಿಡಿದ ಟ್ರೌಟ್‌ಗಳ ಫೋಟೊಗಳೆಲ್ಲ ಬೆಳ್ಳಗೆ ಹೊಳೆದು ಹಾಳಾಗುತ್ತವೆ ಎಂದು ಬರೆದಿದ್ದೀರಿ. ಒಂದೊಂದು ಮೀನನ್ನೂ ನಿಮಿಷಗಟ್ಟಲೆ ಎತ್ತಿ ಹಿಡಿಯುತ್ತೀರಿ ಎಂಬ ಮಾತು ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿತು. ಅಲ್ಲಿಂದಲೇ ಶುರುಮಾಡುತ್ತೇನೆ.

ನೀರಿನಿಂದ ಹೊರಬಂದ ಕೂಡಲೇ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿ ಮೀನಿಗೆ ಉಸಿರುಕಟ್ಟುತ್ತದೆ. 1992ರಲ್ಲಿ ಪ್ರಕಟವಾದ ಫರ್ಗುಸನ್ ಮತ್ತು ಟಫ್ಟ್ಸ್ ಅವರ ಪ್ರಯೋಗದಲ್ಲಿ, ಚೆನ್ನಾಗಿ ದಣಿಸಿ 60 ಸೆಕೆಂಡು ಗಾಳಿಗೊಡ್ಡಿದ ರೇನ್‌ಬೋ ಟ್ರೌಟ್‌ಗಳಲ್ಲಿ 12 ಗಂಟೆಯ ನಂತರ ಉಳಿದದ್ದು ಶೇ 28 ಮಾತ್ರ. ದಣಿಸಿಯೂ ಗಾಳಿಗೊಡ್ಡದವುಗಳಲ್ಲಿ ಶೇ 88. ನಿಮ್ಮ ಕೈಯಿಂದ ಈಜಿಹೋದ ಮೀನೂ ಆಮೇಲೆ ಸಾಯಬಹುದು.

ಹಾಗಾಗಿ ಮೀನು ಕೈಬಲೆಯಲ್ಲಿ, ನೀರೊಳಗೇ ಇರಲಿ. ಫೋಟೊ ತೆಗೆಯುವ ಗೆಳೆಯರು ಮೊದಲೇ ಕ್ಯಾಮೆರಾ ಹೊಂದಿಸಿಕೊಂಡು ನೀರಿನ ಮಟ್ಟಕ್ಕೆ ಬಗ್ಗಲಿ. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯಡಿ ಆಸರೆ ಕೊಟ್ಟು, ಎರಡು ಮೂರು ಸೆಕೆಂಡು ಮಾತ್ರ ಎತ್ತಿ. ಶಟರ್ 1/1000 ಇದ್ದರೆ ಉದುರುವ ಹನಿಗಳೂ ಚಿತ್ರದಲ್ಲಿ ನಿಲ್ಲುತ್ತವೆ.

ಬಿಳುಪಿಗೆ ಕಾರಣ ನೆತ್ತಿಯ ಬಿಸಿಲು. ಮೀನಿನ ಮೇಲೆ ನಿಮ್ಮ ನೆರಳು ಬೀಳಿಸಿ. ಫ್ಲ್ಯಾಶ್ ಬೇಡವೇ ಬೇಡ. ಪೋಲರೈಸಿಂಗ್ ಫಿಲ್ಟರ್ ಕೊಳ್ಳಿ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನಿಂತು ಅದನ್ನು ತಿರುಗಿಸಿದರೆ ಪ್ರತಿಫಲನ ಅಳಿದು, ಬ್ರೌನ್ ಟ್ರೌಟಿನ ಕೆಂಪು ಚುಕ್ಕೆಗಳು ನೀರೊಳಗಿಂದಲೇ ಕಾಣುತ್ತವೆ. ಮೀನಿನ ಜೊತೆಗೆ ಕಾಡು, ಹೊಳೆಯ ಚಿತ್ರಗಳೂ ಬೇಕೆಂದರೆ ಅವಕ್ಕೆ ಒಂದು ಮುಂಜಾನೆಯನ್ನು ಬೇರೆಯಾಗಿಯೇ ಕೊಡಿ. ಅಂದು ಗಾಳ ಕೋಣೆಯಲ್ಲಿರಲಿ.