ತಿಗರಿಯ ಮುಂದಿನ ಶನಿವಾರಗಳು

ಆಡಿಟ್ ಕಚೇರಿಯಲ್ಲಿ ದುಡಿಯುವವರಿಗೆ ಕೆಲಸ ಮುಗಿಯಿತು ಅನ್ನುವ ಹೊತ್ತೇ ಇರುವುದಿಲ್ಲ. ಒಂದು ಕಡೆಯ ದಿನಾಂಕ ಕಳೆದರೆ ಇನ್ನೊಂದು ಬಂದು ನಿಂತಿರುತ್ತದೆ. ನಿದ್ದೆಗೆಟ್ಟು ಮನೆಯವರ ಮೇಲೆಲ್ಲ ರೇಗುತ್ತಿದ್ದ ನನ್ನನ್ನು ನೋಡಲಾರದೆ ಅಕ್ಕ ಬೆಂಗಳೂರಿನ ಒಂದು ಕುಂಬಾರಿಕೆ ತರಗತಿಗೆ ಬಲವಂತವಾಗಿ ಸೇರಿಸಿದಳು. ಮನಸ್ಸು ಹಗುರಾಗುತ್ತದೆ, ನಿಮ್ಮೊಳಗಿನ ಕಲಾವಿದೆ ಹೊರಬರುತ್ತಾಳೆ ಎಂದೆಲ್ಲ ಜಾಹೀರಾತಿನಲ್ಲಿತ್ತು. ಮನಸ್ಸೇನೋ ಬೇಗನೆ ಹಗುರಾಯಿತು. ಕಲಾವಿದೆ ಮಾತ್ರ ಬಹಳ ಕಾಯಿಸಿದಳು.

ಮಣ್ಣು ತಂದ ಹಾಗೇ ತಿಗರಿ ಏರುವುದಿಲ್ಲ. ಚಪಾತಿ ಹಿಟ್ಟಿನಂತೆ ಚೆನ್ನಾಗಿ ನಾದಿ ಒಳಗಿನ ಗಾಳಿ ತೆಗೆಯಬೇಕು. ಆಮೇಲೆ ತಿರುಗುವ ಮುದ್ದೆಯನ್ನು ನಟ್ಟನಡುವಿಗೆ ತರಬೇಕು. ತರಗತಿಯಲ್ಲಿ ಎಲ್ಲರೂ ಇದನ್ನು ಸೆಂಟರಿಂಗ್ ಅನ್ನುತ್ತಾರೆ. ಕೂದಲೆಳೆಯಷ್ಟು ಓರೆಯಾದರೂ ಮೇಲೆತ್ತುವಾಗ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬಲ ಹಾಕಿದಷ್ಟೂ ಮುದ್ದೆ ಕುಣಿಯುತ್ತದೆ.

“ಜಗಳ ಆಡಬೇಡಿ ಮೇಡಂ. ಮೊಣಕೈನ ತೊಡೆಗೆ ಊರಿ, ಕೈ ಅಲ್ಲಾಡಿಸದೆ ಇರಿ. ಅದೇ ಬಂದು ಕೂತ್ಕೊಳ್ಳುತ್ತೆ” ಎಂದರು ಮೇಷ್ಟ್ರು.

ಕೈ ಅಲ್ಲಾಡಬಾರದೆಂದರೆ ಉಸಿರು ಸಮವಾಗಲೇಬೇಕು. ಧ್ಯಾನಕ್ಕೆ ಕೂತು ಉಸಿರನ್ನು ಗಮನಿಸಲು ಹೋದಾಗಲೆಲ್ಲ ನನ್ನ ತಲೆಯಲ್ಲಿ ಜಿಎಸ್‌ಟಿ ಓಡುತ್ತಿತ್ತು. ಇಲ್ಲಿ ಯಾರೂ ಹೇಳದೆಯೇ ಉಸಿರು ನಿಧಾನವಾಯಿತು. ಮೊಣಕೈವರೆಗೂ ಕೆಸರು ಮೆತ್ತಿರುವಾಗ ಫೋನು ಮುಟ್ಟುವ ಹಾಗೂ ಇಲ್ಲ. ಈ ಅನುಕೂಲವನ್ನು ಜಾಹೀರಾತಿನವರು ಯಾಕೆ ಬಿಟ್ಟರೋ ಗೊತ್ತಿಲ್ಲ.

ಮೊದಲ ಕೆಲವು ತಿಂಗಳು ನೇರ ಗೋಡೆಯ ಲೋಟ ಬಿಟ್ಟು ಬೇರೇನೂ ಮಾಡಲು ಮೇಷ್ಟ್ರು ಬಿಡಲಿಲ್ಲ. ಮಾಡಿದ್ದನ್ನೂ ತಂತಿಯಿಂದ ನಡುವೆ ಸೀಳಿ, ಗೋಡೆ ತಳದಿಂದ ಬಾಯಿವರೆಗೆ ಒಂದೇ ದಪ್ಪವಿದೆಯೇ ಎಂದು ತೋರಿಸಿ ಬಕೆಟ್ಟಿಗೆ ಎಸೆಯುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆ ಗುರುಗಳ ಕೈಯಲ್ಲೇ ಇತ್ತು. ಆದರೆ ಹಸಿಮಣ್ಣಿನಲ್ಲಿ ನಷ್ಟ ಎಂಬ ಬಾಬತ್ತೇ ಇಲ್ಲ. ಪೂರ್ತಿ ಒಣಗಿದ್ದರೂ ನೀರಲ್ಲಿ ನೆನೆಸಿದರೆ ಮತ್ತೆ ಮುದ್ದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದಾಗ ಮಾತ್ರ ಜೇಡಿಯ ಕಣಗಳಲ್ಲಿ ರಾಸಾಯನಿಕವಾಗಿ ಬೆಸೆದಿದ್ದ ನೀರು ಹೊರಟುಹೋಗಿ, ಅದು ಮತ್ತೆಂದೂ ಹಸಿಮಣ್ಣಾಗದು. ಅಲ್ಲಿಯವರೆಗೆ ಎಷ್ಟು ಕೆಡಿಸಿದರೂ ಲೆಕ್ಕಕ್ಕಿಲ್ಲ. ಒಂದು ರೂಪಾಯಿಯ ವ್ಯತ್ಯಾಸ ಹುಡುಕಲು ರಾತ್ರಿಯಿಡೀ ಕೂರುವ ನನಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆಲ್ಲೂ ಸಿಕ್ಕಿಲ್ಲ.

ಮಾಡಿದ ಮೇಲೂ ಕಾಯಬೇಕು. ಬಾಯಿ ಬೇಗ ಒಣಗಿ ತಳ ಹಸಿಯಾಗೇ ಉಳಿದರೆ ಬಿರುಕು ಬಿಡುತ್ತದೆ. ಅದಕ್ಕೇ ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿಡುವುದು. ಮಳೆಗಾಲದಲ್ಲಂತೂ ಒಣಗುವುದು ಇನ್ನೂ ತಡ. ಆಮೇಲೆ ಒಮ್ಮೆ ಸುಟ್ಟು, ಗ್ಲೇಜ್ ಹಚ್ಚಿ, 1200 ಡಿಗ್ರಿ ದಾಟಿಸಿ ಮತ್ತೊಮ್ಮೆ ಸುಡಬೇಕು. ಬಿಸಿಯಾಗಿರುವಾಗಲೇ ಗೂಡಿನ ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಾಗಿ ಪಾತ್ರೆ ಸೀಳುತ್ತದೆ. ಇಲ್ಲಿ ಯಾರ ‘ಅರ್ಜೆಂಟ್’ ಕೂಡ ನಡೆಯುವುದಿಲ್ಲ.

ನನ್ನದು ಅನ್ನಬಹುದಾದ ಒಂದು ಬಟ್ಟಲು ಹುಟ್ಟಿದ್ದು ಕೈ ಪಳಗಿದ ಮೇಲೆ, ಅದೂ ನಾನು ಕಲೆಯ ಯೋಚನೆಯನ್ನೇ ಬಿಟ್ಟಿದ್ದಾಗ. ಬಾಯಂಚನ್ನು ಹೆಬ್ಬೆರಳು ತಾನಾಗಿ ಸ್ವಲ್ಪ ಹೊರಕ್ಕೆ ಬಾಗಿಸಿತ್ತು. ಅಂಥ ಬಾಯಿ ಯಾರೂ ಕಲಿಸಿದ್ದಲ್ಲ. ಹರಿಹರನ ರಗಳೆಯ ಕುಂಬಾರ ಗುಂಡಯ್ಯ ತಾನು ಮಾಡಿದ ಮಡಕೆಯನ್ನೇ ಬಾರಿಸುತ್ತ ಕುಣಿದ, ಶಿವನೂ ಕುಣಿದ. ದುಡಿಮೆಗೂ ಕುಣಿತಕ್ಕೂ ಅವನು ಬೇರೆ ಬೇರೆ ವೇಳೆ ಇಟ್ಟಿರಲಿಲ್ಲ. ಒಂದೇ ದಿನದ ಕಾರ್ಯಾಗಾರದಲ್ಲಿ ‘ನಿಮ್ಮನ್ನು ನೀವು ವ್ಯಕ್ತಪಡಿಸಿಕೊಳ್ಳಿ’ ಎನ್ನುವವರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅಲ್ಲಿ ಸಿಗುವುದು ಒಂದು ಒಳ್ಳೆಯ ಫೋಟೊ.

ನಮಗಿದು ಶನಿವಾರದ ಬಿಡುವು. ಬೆನ್ಸನ್ ಟೌನ್ ಹತ್ತಿರದ ಪಾಟರಿ ಟೌನ್‌ನ ಕುಂಬಾರರಿಗೆ ಅದೇ ಹೊಟ್ಟೆಪಾಡು. ಮೆಟ್ರೊ ಗುಲಾಬಿ ಮಾರ್ಗದ ನೆಲದಡಿಯ ಒಂದು ನಿಲ್ದಾಣಕ್ಕೂ ಈ ಬಡಾವಣೆಯದೇ ಹೆಸರು. ಹಣತೆ, ಮಡಕೆ, ಗಣೇಶ ಎಲ್ಲವೂ ಅಲ್ಲಿ ಸಿಗುತ್ತವೆ. ಒಂದೇ ಅಳತೆಯ ಹಣತೆಗಳನ್ನು ಸಾಲಾಗಿ ತೆಗೆದಿಡಲು ಎಂಥ ಕೈ ಬೇಕೆಂಬುದು ತಿಗರಿಯ ಮುಂದೆ ಕೂತವರಿಗೆ ಗೊತ್ತು. ತರಗತಿಯ ಶುಲ್ಕವನ್ನು ಮರುಮಾತಿಲ್ಲದೆ ಕೊಡುವ ನಾವು ಹಣತೆಯ ಬೆಲೆಗೆ ಮಾತ್ರ ಕೊಸರಾಡುತ್ತೇವೆ. ಈ ಸಲದ ದೀಪಾವಳಿಗೆ ಅಲ್ಲಿಗೇ ಹೋಗಿ ಕೊಳ್ಳಿ, ಹೇಳಿದ ಬೆಲೆ ಕೊಡಿ.