ಲಸಿಕೆಯೊಳಗಿನ ಪೊಳ್ಳು ವೈರಸ್

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯಿಂದ ಮಗಳಿಗೆ ಆ ವೈರಸ್ಸೇ ಅಂಟೀತೇ ಎಂದು ತಾಯಂದಿರು ಕೇಳುವುದುಂಟು. ಅಂಟಲಾರದು. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚದಂಥ ಕಣಗಳು ಮಾತ್ರ. ಇಂಥವನ್ನು 1991ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೋ ತಯಾರಿಸಿ ತೋರಿಸಿದರು. ಎಲ್1 ಎಂಬ ಪ್ರೋಟೀನಿನ 360 ಅಣುಗಳು ತಾವಾಗಿಯೇ ಕೂಡಿ ಚೆಂಡಿನಂತಾಗುತ್ತವೆ. ಒಳಗೆ ಡಿ.ಎನ್.ಎ. ಇಲ್ಲ. ಜೊಳ್ಳು ಭತ್ತ ಮೊಳೆಯುವುದುಂಟೇ? ದೇಹ ಮಾತ್ರ ಇದನ್ನೇ ಶತ್ರುವೆಂದು ಬಗೆದು, ಸಹಜ ಸೋಂಕಿನಲ್ಲಿ ಹುಟ್ಟುವುದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರತಿಕಾಯಗಳನ್ನು ತಯಾರಿಸುತ್ತದೆ.

ಇದೇ ಕಣಗಳನ್ನು ಬಳಸಿ ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯಲೂಬಹುದು. ಸಂಶೋಧಕರಿಗೆ ಇದು ಉಪಯುಕ್ತ. ರೋಗಿಗೆ ಪ್ರಯೋಜನವಿಲ್ಲ. ಸೋಂಕು ತಗಲಿದ ಅನೇಕ ಹೆಂಗಸರಲ್ಲಿ ಪ್ರತಿಕಾಯ ಹುಟ್ಟುವುದೇ ಇಲ್ಲ. ಹುಟ್ಟಿದರೆ ಸೋಂಕು ಹೋದ ಮೇಲೂ ಉಳಿಯಬಹುದು. ಆದ್ದರಿಂದ ಈ ರಕ್ತಪರೀಕ್ಷೆಯನ್ನು ನಂಬಿ ನಿಶ್ಚಿಂತರಾಗಬೇಡಿ. ಲಸಿಕೆ ಫಲಿಸಿತೇ ಎಂದು ನೋಡಲೂ ಅದು ಬೇಡ, ದುಡ್ಡು ದಂಡ.

ಹುಡುಗಿಯರಿಗೆ 9ರಿಂದ 14 ವರ್ಷದೊಳಗೆ ಲಸಿಕೆ ಹಾಕಿಸಿ. ಮೂವತ್ತು ದಾಟಿದವರು, ಲಸಿಕೆ ಪಡೆದಿದ್ದರೂ, ಗರ್ಭಕಂಠದ ತಪಾಸಣೆಯನ್ನೇ ಮಾಡಿಸಿಕೊಳ್ಳಬೇಕು. ಸಂಭೋಗದ ನಂತರವಾಗಲಿ, ಮುಟ್ಟು ನಿಂತ ಮೇಲಾಗಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.