ರೀಲ್ ಹಾಕುವ ಮುಂಚೆ ಕೇಳ್ರಿ

ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟಿನವರ ಜೊತೆ ರೀಲ್ ಮಾಡುವ ಯಾದಗಿರಿ, ಶಹಾಪುರದ ಹುಡುಗರೇ, ಅವರನ್ನು ಕೇಳದೆ ಹಾಕಬೇಡಿ. ಬೈಲಕುಪ್ಪೆ, ಮುಂಡಗೋಡದಲ್ಲಿ ಅವರು ನೆಮ್ಮದಿಯಿಂದ ಇರಬಹುದು. ಆದರೆ ಟಿಬೆಟಿನಲ್ಲಿ ಉಳಿದ ಅವ್ವ, ತಮ್ಮಂದಿರ ಮನೆಗೆ ಚೀನಾ ಪೊಲೀಸರು ಹೋಗಿ, ನಿಮ್ಮವನಿಗೆ ಬಾಯಿ ಮುಚ್ಚಲು ಹೇಳಿ ಎಂದು ಬೆದರಿಸಿದ್ದುಂಟು. ಇಲ್ಲಿ ಆಡಿದ್ದಕ್ಕೆ ಅಲ್ಲಿ ದಂಡ. ದೂರ ಓಡಿದರೂ ಆಳುವವರ ಕೈ ತಪ್ಪದು ಎಂಬುದನ್ನು ಸುರಪುರದವರಿಗೆ ಬಿಡಿಸಿ ಹೇಳಬೇಕೇ? 1858ರಲ್ಲಿ ಅಲ್ಲಿನ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರಿಂದ ತಪ್ಪಿಸಿಕೊಂಡು ಹೈದರಾಬಾದ್ ಸೇರಿದರೆ, ನಿಜಾಮನ ದಿವಾನ ಸಾಲಾರ್ ಜಂಗ್ ಹಿಡಿದು ಅದೇ ಬ್ರಿಟಿಷರಿಗೆ ಒಪ್ಪಿಸಿದ. ಅದಕ್ಕೇ ಕ್ಯಾಮೆರಾ ಮುಂದೆ ಟಿಬೆಟಿನವರ ಊರು, ನಂಟರ ಹೆಸರು ಕೆದಕಬೇಡಿ. ದಲೈ ಲಾಮಾರ ಮಾತು ಬಂದರೆ ಮೊಬೈಲ್ ಜೇಬಿಗಿಡಿ. ಈಗಾಗಲೇ ಹಾಕಿದ್ದರೆ, ಬೇಡವೆಂದ ಕೂಡಲೇ ಅಳಿಸಿ. ಸ್ವೆಟರ್ ಚೌಕಾಸಿ ಮಾತ್ರ ಬೇಕಾದಷ್ಟು ಮಾಡಿ.